ತಲಿ ಮ್ಯಾಲಿನ ಭಾರ

ಹೊತ್ತು ಮುಳುಗಿದ್ರೂ ಬಳ್ಳಾರಿ ಕೋಟೆ ಗುಡ್ಡದ ಬಂಡೆಗಳ ಕಾವು ಆರಿರಲಿಲ್ಲ. ಒಗ್ಗರಣಿ-ಮಿರ್ಚಿ ಅಂಗಡಿ ಮುಂದೆ ಕಬಡ್ಡಿ ಮಂದಿ ಪಂಚಾಯ್ತಿ ಕೂಡಿತ್ತು.

ಹುಲುಗಪ್ಪ: ಎರ್ರಿಯಣ್ಣ, ಕಬಡ್ಡಿ ಆಡೋರು ತಲಿ ಮ್ಯಾಲೆ ಬಾರ್, ಅದೇ ಜಿಮ್ಮಿನ ಭಾರದ ಕಬ್ಬಿಣದ ಸರಳು, ಎತ್ತಿದ್ರ ಭುಜದ ಕೀಲು ತಪ್ಪತೈತಂತ. ಖರೇನಾ?

ಎರ್ರಿಯಣ್ಣ: ಹೆಂಗ ಎತ್ತತಿ ಅನ್ನೋದರ ಮ್ಯಾಲೆ ಐತಪ. ಚಮಚದಾಗ ನಿಂಬಿಹಣ್ಣು ಇಟ್ಕೊಂಡು ಓಡ್ತಾರಲ್ಲ, ಭುಜದ ಕೀಲು ಹಂಗ. ಗುಂಡು ದೊಡ್ಡದು, ಬಟ್ಟಲು ಸಣ್ಣದು. ಕೈ ಪಕ್ಕಕ್ಕ ಚಾಚಿ ಹೊರಗ ತಿರುಗಿದಾಗ ಯಾರಾದ್ರೂ ಹಿಂದಕ್ಕ ಜಗ್ಗಿದ್ರ ಗುಂಡು ಮುಂದಕ್ಕ ಜಾರತೈತಿ. ರೈಡರ್‌ನ್ನ ಒಂದೇ ಕೈಲೆ ತಡಿಯಾಕ ಹೋದೋನ ಗತಿ ಇದೇ.

ಖಾಜಾ: ಮತ್ತ ಜಿಮ್ಮಿನಾಗ ಬಾರ್ ಕುತ್ತಿಗಿ ಹಿಂದ ಇಳಿಸಿ ಎತ್ತತಾರಲ್ಲ?

ಎರ್ರಿಯಣ್ಣ: ಅದೂ ಅದೇ ಭಂಗಿ! ಕೀಲು ಜಾರೋ ಜಾಗಕ್ಕ ನೀನೇ ಹೋಗಿ, ಮ್ಯಾಲೆ ಭಾರ ಬ್ಯಾರೆ ಹೇರಿದಂಗ. ಅದನ್ನ ಬಿಟ್ಟುಬಿಡ್ರಿ. ನೆಲದಿಂದ ಒಂದೇ ಏಟಿಗೆ ತಲಿ ಮ್ಯಾಲೆ ಎತ್ತೋ ಸ್ನಾಚೂ ನಮಗ ಬ್ಯಾಡ. ಹಿಡಿತ ಅಗಲ, ಬಾರ್ ಹಿಂದಕ್ಕ ವಾಲಿದಾಗ ಕೈ ಬಿಡಲಿಲ್ಲಂದ್ರ ಭುಜಾನೂ ಅದರ ಬೆನ್ನು ಹತ್ತತೈತಿ.

ಹುಲುಗಪ್ಪ: ಭುಜದಿಂದ ತಲಿ ಮ್ಯಾಲೆ ಬಾರ್ ತಳ್ಳೋ ಪ್ರೆಸ್‌ನ್ನ ಒಲಿಂಪಿಕ್‌ನೋರೇ ತೆಗದಾರಂತಲ್ಲ?

ಎರ್ರಿಯಣ್ಣ: 1972ರ ಮ್ಯೂನಿಕ್ ಆದಮ್ಯಾಲೆ ತೆಗದ್ರು. ಹಿಂದಕ್ಕ ಬಾಗಿ ಬಾಗಿ ಎತ್ತಿ, ಅಂಗಾತ ಮಲಗಿ ಎದಿ ಮ್ಯಾಲಿಂದ ತಳ್ಳೋ ಬೆಂಚ್ ಪ್ರೆಸ್‌ನ್ನ ನಿಂತಲ್ಲೇ ಮಾಡಿದಂಗ ಮಾಡಿಟ್ಟಿದ್ರು. ಯಾವುದು ಸರಿ, ಯಾವುದು ತಪ್ಪು ಅಂತ ತೀರ್ಪುಗಾರರಿಗೇ ತಿಳೀತಿರಲಿಲ್ಲ. ಹುಲುಗಾ, ನಿನಗ ಸೊಂಟ ಬಾಗಿಸದೆ ಕೈ ಎತ್ತಾಕ ಬರತೈತೇನು ನೋಡೋಣ, ಆ ಗೋಡಿಗೆ ಬೆನ್ನು ಹಚ್ಚಿ ನಿಲ್ಲು. ಹಿಮ್ಮಡಿ ಒಂದು ಗೇಣು ಮುಂದ. ಸೊಂಟ ಗೋಡಿ ಬಿಡಬಾರದು, ಮೊಣಕೈ ಮಡಚಬಾರದು. ಎರಡೂ ಹೆಬ್ಬೆರಳು ಮ್ಯಾಲೆ ಗೋಡಿಗೆ ಮುಟ್ಟಿಸು.

ಹುಲುಗಪ್ಪ: ಮುಟ್ಟಿತು!

ಖಾಜಾ: ಸೊಂಟ ಕಮಾನಾಗೈತಲೇ, ಸಂದಿಯೊಳಗ ಬೆಕ್ಕು ನುಸುಳತೈತಿ.

ಎರ್ರಿಯಣ್ಣ: ಹಂಗಿದ್ರ ಇನ್ನೂ ನೆಟ್ಟಗ ಎತ್ತಬ್ಯಾಡ. ಬಾರಿನ ಒಂದು ತುದಿ ಮೂಲ್ಯಾಗ ಸಿಗಿಸಿ, ಒಂದು ಮೊಣಕಾಲೂರಿ, ಇನ್ನೊಂದು ತುದಿ ಓರೆಯಾಗಿ ಮ್ಯಾಲಕ್ಕ ತಳ್ಳು. ಗೋಡಿ ಪರೀಕ್ಷೆ ಪಾಸಾದಮ್ಯಾಲೆ 20 ಕಿಲೋ ಖಾಲಿ ಬಾರ್. ಹಿಡಿತ ಭುಜಕ್ಕಿಂತ ತುಸು ಅಗಲ, ಮುಂಗೈ ಲಂಬ, ಕುಂಡಿ ಬಿಗಿ, ಪಕ್ಕೆಲುಬು ಕೆಳಗ. ಬಾರ್ ಮೂಗು ದಾಟೋತನಕ ತಲಿ ಹಿಂದ, ದಾಟಿದ ಕೂಡಲೇ ಮುಂದ. ಕೊನಿಗೆ ಬಾರ್ ಪಾದದ ನಡುವಿನ ಮ್ಯಾಲೆ ನಿಲ್ಲಬೇಕು.

ಖಾಜಾ: ಮ್ಯಾಲೆ ಹೋದಾಗೂ ಭುಜ ಕೆಳಗ ಒತ್ತಿ ಹಿಡಿ ಅಂತಾರಲ್ಲ?

ಎರ್ರಿಯಣ್ಣ: ಆ ಉಪದೇಶಾನೇ ಕೆಡಿಸೋದು. ಕೈ ಪೂರ್ತಿ ಮ್ಯಾಲೇರೋ 180 ಡಿಗ್ರಿಯೊಳಗ ಸುಮಾರು 60 ಡಿಗ್ರಿ ಹೆಗಲ ಹಲಗಿ, ಅಂದ್ರ ಬೆನ್ನ ಮ್ಯಾಲಿನ ಚಪ್ಪಟಿ ಎಲುಬು, ತಿರುಗಬೇಕು. ಒತ್ತಿ ಹಿಡಿದ್ರ ಅದು ತಿರುಗೋದೆಲ್ಲಿ? ತುದಿಗೆ ಹೋದಾಗ ಹೆಗಲು ತುಸು ಕಿವಿ ಕಡೆ ಏರಲಿ. ಐದರಂತೆ 3 ಸೆಟ್, ಇನ್ನೂ ಎರಡು ಎತ್ತಬಲ್ಲೆ ಅನ್ನೋವಾಗ ನಿಲ್ಲಿಸು. ಹಗುರ ಅನಿಸಿದ್ರ 2.5 ಕಿಲೋ ಹಾಕು. ತಳ್ಳಿದಷ್ಟಾದ್ರೂ ಜಗ್ಗಬೇಕು, ಭಾರ ಮೈ ಕಡೆ ಎಳಕೊಳ್ಳೋ ರೋಯಿಂಗು, ಪುಲ್‌ಅಪ್ಪು. ಮ್ಯಾಚಿಗೆ ಎರಡು ದಿನ ಮುಂದಿಂದ ಭಾರದ ತಂಟೆ ಬ್ಯಾಡ.

ಹುಲುಗಪ್ಪ: ಒಮ್ಮೆ ಕೀಲು ತಪ್ಪಿದೋನು?

ಎರ್ರಿಯಣ್ಣ: ಮೊದಲು ಫಿಜಿಯೋ ಕಡೆ. ಸಣ್ಣ ವಯಸ್ಸಿನಾಗ ತಪ್ಪಿದ್ದು ಮತ್ತ ತಪ್ಪೋದು ಜಾಸ್ತಿ. ಭುಜ ಜಾರಿದಂಗ ಆದ್ರ, ಕೈ ಜೋಮು ಹಿಡಿದ್ರ, ಆ ಮಗ್ಗಲು ಮಲಗಿದ್ರ ರಾತ್ರಿ ನಿದ್ದಿ ಬರದಿದ್ರ ಬಾರ್ ಕೆಳಗಿಡು.

ಅಷ್ಟರಾಗ ಅಂಗಡಿಯವ ಹಿಂದಿನಿಂದ ಮಿರ್ಚಿ ಪ್ಲೇಟ್ ಚಾಚಿದ. ಹುಲುಗಪ್ಪ ಕುಂತಲ್ಲೇ, ಮಾರಿ ತಿರುಗಿಸದೆ, ಕೈ ಹಿಂದಕ್ಕ ಬೀಸಿದ.

ಎರ್ರಿಯಣ್ಣ: ಲೇ ಲೇ! ಎದ್ದು ತಿರುಗಿ ಇಸ್ಕೊಳ್ಳೋ!