ರಿಂಗ್ ಡಬ್ಬದ ಮೇಲಿನ ಹೆಸರು ಬಿಡು, ಸ್ಕೇಲ್ ಹಿಡಿ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಬೇಟೆ ರೈಫಲ್‌ಗೆ 50 ಎಂಎಂ ಸ್ಕೋಪ್ (ಗುರಿ ನೋಡುವ ದುರ್ಬೀನು) ತಗೊಂಡಿದ್ದೀಯ, ಅದನ್ನು ರೈಫಲ್ ಮೇಲೆ ಹಿಡಿದಿಡುವ ರಿಂಗ್ ಎತ್ತರದಲ್ಲಿ ಮೀಡಿಯಮ್ ಸಾಕಾ, ಹೈ ಬೇಕಾ ಅಂತ ಕೇಳಿದ್ದೀಯ. ಭಾವ ಆಗಲೇ "ಸುಮ್ನೆ ಹೈ ತಗೋ, ತಲೆನೋವೇ ಇಲ್ಲ" ಅಂದಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಅದನ್ನು ನಾನು ಒಪ್ಪುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಕೇಳಿ.

ಲೋ, ಮೀಡಿಯಮ್, ಹೈ ಅನ್ನುವುದಕ್ಕೆ ಎಲ್ಲ ಕಂಪನಿಯವರಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ಮೀಡಿಯಮ್ ಇನ್ನೊಬ್ಬರ ಲೋ. ಅದಕ್ಕಿಂತ ದೊಡ್ಡ ತಮಾಷೆ ಅಂದ್ರೆ, ಕೆಲವರು ರೈಫಲ್ ಮೇಲೆ ರಿಂಗ್ ಕೂರುವ ಬೇಸ್‌ನ ಮೇಲ್ಭಾಗದಿಂದ ಸ್ಕೋಪ್ ಕೊಳವೆಯ ನಡುಮಧ್ಯಕ್ಕೆ ಅಳೆಯುತ್ತಾರೆ, ಕೆಲವರು ಕೊಳವೆಯ ತಳಕ್ಕೆ. 30 ಎಂಎಂ ಕೊಳವೆ ಆದರೆ ಇವೆರಡರ ಮಧ್ಯೆ 15 ಎಂಎಂ ವ್ಯತ್ಯಾಸ! ನಾನು ಒಮ್ಮೆ ಇದನ್ನು ನೋಡದೆ ತಂದು, ಸ್ಕ್ರೂ ಬಿಗಿ ಮಾಡುವಾಗ ಮುಂದಿನ ಗಾಜಿನ ಬಾಯಿ ಬ್ಯಾರಲ್ ಮೇಲೆ ಹೋಗಿ ಕೂತಿತು. ತೆಗೆದು ನೋಡಿದರೆ ಬ್ಯಾರಲ್ ಮೇಲೆ ಉಗುರಿನಷ್ಟು ಉದ್ದದ ಹೊಳೆಯುವ ಗೀರು.

ಈಗ ನೀನು ಮಾಡಬೇಕಾದ್ದು. ಮೊದಲು ರೈಫಲ್ ಖಾಲಿ ಮಾಡು, ಬೋಲ್ಟ್ (ಹಿಡಿ ಎತ್ತಿ ಎಳೆದು ಗುಂಡು ತುಂಬುವ ಭಾಗ) ತೆಗೆದು ಗುಂಡು ಕೂರುವ ಚೇಂಬರ್ ಒಳಗೆ ಬೆರಳು ಹಾಕಿ ನೋಡು. ಆಮೇಲೆ ಬೇಸ್ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಡು, ಅದು ಬ್ಯಾರಲ್ ಮೇಲೆ ಮುಂದಕ್ಕೆ ಚಾಚಿರಲಿ. ಸ್ಕೋಪಿನ ಬಾಯಿ ಬಂದು ನಿಲ್ಲುವ ಜಾಗದಲ್ಲಿ ಸ್ಕೇಲಿನ ತಳಕ್ಕೂ ಬ್ಯಾರಲ್‌ಗೂ ಎಷ್ಟು ಸಂದು ಇದೆ ಅಳೆ. 9 ಎಂಎಂ ಅಂದುಕೋ. ಸ್ಕೋಪಿನ ಬಾಯಿಯನ್ನೂ ಹೊರಗಿನಿಂದ ಅಳೆ. 50 ಅಂತ ಬರೆದಿರುವುದು ಗಾಜಿನ ಅಳತೆ, ಹೊರಗೆ ಅದು ಹೆಚ್ಚುಕಮ್ಮಿ 58 ಇರಬಹುದು. ಅದರ ಅರ್ಧ 29. ಜೊತೆಗೆ 3 ಎಂಎಂ ಗಾಳಿ ಆಡುವಷ್ಟು ಜಾಗ ಸೇರಿಸು, 32 ಆಯಿತು. ಅದರಲ್ಲಿ ಆ 9 ಕಳೆ. ಬೇಸ್‌ನಿಂದ ಕೊಳವೆಯ ಮಧ್ಯಕ್ಕೆ 23 ಎಂಎಂ ಬೇಕು. ತಳಕ್ಕೆ ಅಳೆಯುವ ಕಂಪನಿ ಆದರೆ ಇದೇ ರಿಂಗನ್ನು 8 ಎಂಎಂ ಅಂತ ಬರೆದಿರುತ್ತಾರೆ, ಗಾಬರಿ ಆಗಬೇಡ. ಗಾಜಿನ ಮುಚ್ಚಳ ಹಾಕಿಕೊಂಡೇ ಓಡಾಡುತ್ತೀಯ ಅಂದ್ರೆ ಅದರ ದಪ್ಪವನ್ನೂ ಸೇರಿಸು.

ಮರೆತಿದ್ದೆ, ಬೋಲ್ಟ್! ಹಿಡಿ ಮೇಲೆತ್ತುವಾಗ ಸ್ಕೋಪಿನ ಹಿಂಭಾಗಕ್ಕೆ ತಾಗಬಾರದು. 90 ಡಿಗ್ರಿ ಎತ್ತುವ ಬೋಲ್ಟ್ ಆದರೆ ಇದು ಜಾಸ್ತಿ ಕಾಡುತ್ತದೆ, 60 ಡಿಗ್ರಿಯದ್ದಕ್ಕೆ ಅಷ್ಟಿಲ್ಲ. ಗ್ಲೌಸ್ ಹಾಕಿಕೊಂಡೂ ಒಮ್ಮೆ ಎತ್ತಿ ನೋಡು.

ಭಾವ, ಹೈ ಯಾಕೆ ಬೇಡ ಅಂದ್ರೆ ಕೆನ್ನೆಯಿಂದ. ರಿಂಗ್ ಎತ್ತರ ಆದರೆ ಕೆನ್ನೆ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ) ಬಿಟ್ಟು ಮೇಲೇಳುತ್ತದೆ, ಗದ್ದ ಮಾತ್ರ ಒರಗುತ್ತದೆ, ತಲೆ ತೇಲುತ್ತದೆ. ಪ್ರತಿ ಸಲ ಕಣ್ಣು ಬೇರೆ ಬೇರೆ ಕಡೆ ನಿಂತರೆ ಗುರಿ ಹೇಗೆ ಸಿಕ್ಕೀತು? ಪುಟ್ಟಾ, ಸ್ಕೋಪ್ ಕೂರಿಸಿದ ಮೇಲೆ ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ತಗೋ, ಕೆನ್ನೆ ಆರಾಮವಾಗಿ ಇಡು, ಆಮೇಲೆ ಕಣ್ಣು ಬಿಡು. ಕತ್ತು ಅಲ್ಲಾಡಿಸದೆ ಪೂರ್ತಿ ದುಂಡಗಿನ ಚಿತ್ರ ಕಂಡರೆ ಸರಿ. ತಲೆ ಎತ್ತಿದರೆ ಮಾತ್ರ ಕಾಣುತ್ತದೆ ಅಂದ್ರೆ ರಿಂಗ್ ಎತ್ತರ ಆಯಿತು, ಇಲ್ಲವೇ ಸ್ಟಾಕ್ ಮೇಲೆ ಕೆನ್ನೆಗೆ ಪ್ಯಾಡ್ ಬೇಕು. ಸ್ಕೋಪಿನ ಬಾಯಿ ತಾಗದೆ, ಬೋಲ್ಟ್ ತಾಗದೆ ಎಷ್ಟು ತಗ್ಗಿಗೆ ಇಳಿಯುತ್ತದೋ ಅಲ್ಲಿಂದ ಶುರು ಮಾಡುವುದೇ ನನ್ನ ಅಭ್ಯಾಸ.

ಮೊಬೈಲ್‌ನಲ್ಲಿ ಗುಂಡು ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕುವ ಆ್ಯಪ್ ಬಳಸುತ್ತೀಯ ಅಲ್ವಾ? ಬ್ಯಾರಲ್ ಮಧ್ಯದಿಂದ ಸ್ಕೋಪ್ ಮಧ್ಯಕ್ಕೆ ನಿಜವಾಗಿ ಎಷ್ಟಿದೆ ಅಂತ ಅಳೆದು ಅದರಲ್ಲಿ ಹಾಕು.

ಸಂಜೆ ಆ ಎರಡು ಅಳತೆ (ಸ್ಕೇಲಿನ ಕೆಳಗಿನ ಸಂದು, ಸ್ಕೋಪಿನ ಬಾಯಿ) ಇಲ್ಲೇ ಕಳಿಸು. ರಿಂಗ್ ಡಬ್ಬದ ಮೇಲೆ ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ ಅಂತ ತೋರಿಸುವ ಬಾಣದ ಗುರುತಿನ ಚಿತ್ರ ಇದ್ದರೆ ಅದರ ಫೋಟೋನೂ ಹಾಕು. ಅಲ್ಲಿವರೆಗೆ ಡಬ್ಬ ಒಡೆಯಬೇಡ, ಒಡೆದರೆ ಅಂಗಡಿಯವರು ವಾಪಸ್ ತಗೊಳ್ಳದೆ ಇರಬಹುದು.