ಕ್ಯಾಮೆರಾ ತಲೆ ಮೇಲಿನ ವ್ಯೂಫೈಂಡರ್‌ನ ಗೆರೆ ವಾಲಿದೆ, ಬಿಚ್ಚಬಹುದಾ?

ಕಾರವಾರದಿಂದ ಪ್ರಶ್ನೆ

ನನ್ನದು ಹಳೇ ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾ, ಲೆನ್ಸ್ ಮೂಲಕ ಅಲ್ಲ, ಬೇರೆ ಕಿಂಡಿಯಲ್ಲಿ ನೋಡುವಂಥದ್ದು. ಅಗಲ ನೋಟದ 28 ಮಿ.ಮೀ. ಲೆನ್ಸ್‌ಗೆ ಅದರ ಸ್ವಂತ ಕಿಂಡಿ ಸಾಲುವುದಿಲ್ಲ. ಹಾಗಾಗಿ ಮೇಲೆ ಸಿಕ್ಕಿಸುವ ವ್ಯೂಫೈಂಡರ್ ತಗೊಂಡೆ. ಟಾಗೋರ್ ಬೀಚ್‌ನಲ್ಲಿ ನಿಂತು, ಒಳಗೆ ಕಾಣುವ ಚೌಕಟ್ಟಿನ ಬಿಳಿ ಗೆರೆಯನ್ನು ಸಮುದ್ರದ ಅಂಚಿಗೆ ಸರಿಯಾಗಿ ಹೊಂದಿಸಿಯೇ ಫೋಟೊ ತೆಗೆಯುತ್ತೇನೆ. ತೊಳೆದು ಬಂದ ಮೇಲೆ ನೋಡಿದರೆ ಎಲ್ಲದರಲ್ಲೂ ನೀರು ಬಲಕ್ಕೆ ಇಳಿದಿದೆ. ಎರಡು ರೋಲ್ ಹೀಗೇ ಹೋಯ್ತು. ಬಿಚ್ಚಿ ಗೆರೆ ತಿರುಗಿಸಿದವರು ಯಾರಾದರೂ ಇದ್ದೀರಾ?

ಶಿರಸಿಯಿಂದ

ತಮ್ಮಾ, ಸ್ಕ್ರೂಡ್ರೈವರ್ ಸದ್ಯಕ್ಕೆ ಮುಟ್ಟಬೇಡ. ಗೆರೆ ವಾಲಿದೆ ಅಂದರೆ ಗಾಜೇ ವಾಲಿದೆ ಅಂತಲ್ಲ. ನನ್ನದೂ ಹೀಗೇ ಆಗಿತ್ತು. ಕೊನೆಗೆ ನೋಡಿದರೆ ತಪ್ಪು ಅದರ ಕಾಲಿನಲ್ಲಿತ್ತು. ಕ್ಯಾಮೆರಾದ ಶೂ, ಅಂದರೆ ಮೇಲಿನ ಸಿಕ್ಕಿಸುವ ಜಾಗ, ಅದರ ಒಳಗೆ ತೂರುವ ಲೋಹದ ತುಂಡಿದೆಯಲ್ಲ, ಅದನ್ನೇ ಕಾಲು ಅಂತಿದ್ದೇನೆ. ಅದನ್ನು ಹಿಡಿದಿದ್ದ ಎರಡು ಸ್ಕ್ರೂಗಳಲ್ಲಿ ಒಂದು ಅರ್ಧ ಸುತ್ತು ಸಡಿಲವಾಗಿತ್ತು.

ಮೊದಲು ಆ ವ್ಯೂಫೈಂಡರನ್ನು ಬೇರೆ ಯಾವುದಾದರೂ ಕ್ಯಾಮೆರಾಕ್ಕೆ ಹಾಕಿ ನೋಡು. ಅಲ್ಲೂ ಅಷ್ಟೇ ವಾಲಿದರೆ ದೋಷ ವ್ಯೂಫೈಂಡರ್‌ನದು. ಅಲ್ಲಿ ನೆಟ್ಟಗಿದ್ದರೆ ನಿನ್ನ ಕ್ಯಾಮೆರಾದ ಶೂ ಬಗ್ಗಿದೆ. ಬೇರೆ ಕ್ಯಾಮೆರಾ ಸಿಗದಿದ್ದರೆ ಗಾರೆ ಕೆಲಸದವರ ಹತ್ತಿರ ಸ್ಪಿರಿಟ್ ಲೆವೆಲ್ ಕೇಳಿ ತಾ. ಒಂದು ಟೈಲ್ಸ್ ತುಂಡನ್ನು ಮಟ್ಟ ಮಾಡಿಟ್ಟು, ಅದರ ಮೇಲೆ ಬರೀ ವ್ಯೂಫೈಂಡರ್ ಕೂರಿಸಿ ಸಮುದ್ರದ ಗೆರೆ ನೋಡು. ನಮಗೆ ಶಿರಸಿಯಲ್ಲಿ ಆ ಅನುಕೂಲ ಇಲ್ಲ. ನಾನು ಅಡಿಕೆ ಅಂಗಳದಲ್ಲಿ ತೂಕದ ಗುಂಡು ಇಳಿಬಿಟ್ಟು ಆ ದಾರವನ್ನೇ ನೋಡಿದ್ದೆ.

ಆಮೇಲೆ ಕ್ಯಾಮೆರಾ ನಿಜಕ್ಕೂ ಏನು ನೋಡುತ್ತಿದೆ ಅಂತ ನೋಡಬೇಕು. ಫಿಲ್ಮ್ ತೆಗೆದು ಹಿಂದಿನ ಬಾಗಿಲು ತೆರೆ. ಫಿಲ್ಮ್ ಕೂರುವ ಜಾಗದಲ್ಲಿ, ಎರಡು ಹಳಿಗಳ ಮೇಲೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸು. ಶಟರ್ ಪರದೆಗೆ ಬೆರಳು ತಾಗಬಾರದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಶಟರನ್ನು ‘ಬಿ’ಗೆ, ಅಂದರೆ ಗುಂಡಿ ಒತ್ತಿದಷ್ಟು ಹೊತ್ತು ತೆರೆದೇ ಇರುವ ಗುರುತಿಗೆ, ಹಾಕಿ ಗುಂಡಿಗೆ ಸಿಕ್ಕಿಸುವ ಕೇಬಲ್‌ನಿಂದ ತೆರೆದಿಡು. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಿದರೆ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಕಿಂಡಿಯಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ನೋಡೋಕೆ ತುಂಬಾ ಚೆನ್ನಾಗಿರುತ್ತದೆ, ಇದಕ್ಕಾಗಿಯಾದರೂ ಒಮ್ಮೆ ಮಾಡು. ಸಮುದ್ರವನ್ನು ಅಲ್ಲಿ ಮಟ್ಟ ಮಾಡಿಕೊಂಡು, ಕ್ಯಾಮೆರಾ ಅಲ್ಲಾಡಿಸದೆ ವ್ಯೂಫೈಂಡರ್‌ನಲ್ಲಿ ನೋಡಿದರೆ ಗೆರೆ ಎಷ್ಟು ಓರೆ ಅಂತ ಗೊತ್ತಾಗುತ್ತದೆ. ಇದನ್ನು ಬೆಳಿಗ್ಗೆಯೇ ಮಾಡು. ನಿಮ್ಮ ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆ ಬಿಸಿಲು ಲೆನ್ಸ್ ಮೂಲಕ ಬಟ್ಟೆಯ ಶಟರ್ ಮೇಲೆ ಬಿದ್ದರೆ ಸುಟ್ಟು ತೂತಾಗುತ್ತದೆ.

ಓರೆ ಸ್ವಲ್ಪವೇ ಇದ್ದರೆ ಕಾಗದ ಸಾಕು. ಶೂ ಅಗಲ ಸುಮಾರು 18 ಮಿ.ಮೀ., ಸಾಮಾನ್ಯ ಜೆರಾಕ್ಸ್ ಕಾಗದದ ದಪ್ಪ 0.1 ಮಿ.ಮೀ. ಒಂದು ಬದಿಗೆ ಮೂರು ಪದರ ಇಟ್ಟರೆ ಹತ್ತಿರ ಹತ್ತಿರ ಒಂದು ಡಿಗ್ರಿ ಏಳುತ್ತದೆ. ನಿನ್ನ ಫೋಟೊದಲ್ಲಿ ನೀರು ಬಲಕ್ಕೆ ಇಳಿದಿದೆ ಅಂದರೆ ಗೆರೆಯೂ ಬಲಕ್ಕೆ ಇಳಿದಿದೆ. ಹಿಂದಿನಿಂದ ನೋಡುವಾಗ ಬಲಗಡೆ ಬರುವ ಬದಿಗೇ ಕಾಗದ ಇಡು.

ಕುಮಟಾದಿಂದ

ಅಣ್ಣ ಹೇಳಿದ್ದು ಸರಿ. ನಾನು ಉಲ್ಟಾ ಮಾಡಿ ಕೆಡಿಸಿಕೊಂಡವಳು. ನನ್ನದು ಒಂದು ಮಳೆಗಾಲ ಪೂರ್ತಿ ಕಪಾಟಿನಲ್ಲಿತ್ತು. ಕಣ್ಣಿಡುವ ಕಡೆಯ ಗಾಜಿನ ಹಳೇ ಗೋಂದು ಬಿಟ್ಟು, ಗಾಜು ತಿರುಗಿತ್ತು. ಇಂಥ ವ್ಯೂಫೈಂಡರ್‌ನಲ್ಲಿ ಚೌಕಟ್ಟು ಬರೆದಿರುವುದು ಆ ಗಾಜಿನ ಹತ್ತಿರವೇ. ಮುಂದಿನ ಗಾಜಿನ ಒಳಮೈಗೆ ತೆಳುವಾಗಿ ಕನ್ನಡಿ ಬಳಿದಿರುತ್ತಾರೆ. ಅದರಲ್ಲಿ ಪ್ರತಿಬಿಂಬವಾಗಿ ಗೆರೆ ದೂರದಲ್ಲಿ ತೇಲಿದ ಹಾಗೆ ಕಾಣುತ್ತದೆ. ಹಿಂದಿನ ಗಾಜು ತಿರುಗಿದರೆ ಗೆರೆ ಓರೆಯಾಗುತ್ತದೆ. ಮುಂದಿನದು ವಾಲಿದರೆ ಚೌಕಟ್ಟೇ ಪಕ್ಕಕ್ಕೆ ಸರಿಯುತ್ತದೆ, ಅದೂ ವಾಲಿದ್ದರ ಎರಡು ಪಟ್ಟು. ಕನ್ನಡಿ ಅಲ್ವಾ.

ಹಿಂದಿನ ಗಾಜನ್ನು ನಾನು ಸರಿಯಾಗಿಯೇ ತಿರುಗಿಸಿದೆ. ಬಿಚ್ಚಿದ್ದು ಹೇಗೂ ಬಿಚ್ಚಿಯಾಯ್ತು, ಮುಂದಿನ ಗಾಜೂ ಒರೆಸೋಣ ಅಂತ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಳಗೆ ಆಡಿಸಿದೆ. ಕಡ್ಡಿ ತುದಿಗೆ ಬೂದು ಬಣ್ಣ ಹತ್ತಿತು. ಧೂಳು ಅಂದುಕೊಂಡೆ. ಅದು ಕನ್ನಡಿಯ ಲೇಪ. ಈಗ ಎಡಗಡೆ ಗೆರೆಯೇ ಕಾಣುವುದಿಲ್ಲ. ಅದನ್ನು ವಾಪಸ್ ತರುವ ದಾರಿ ಮನೆಯಲ್ಲಿಲ್ಲ. ದಯವಿಟ್ಟು ಒಳಗೆ ಒರೆಸಬೇಡಿ, ಗಾಳಿ ಊದುವ ರಬ್ಬರ್ ಬುರುಡೆ ಸಾಕು. ತಕ್ಷಣ ಅಂಟುವ ಗೋಂದು ಬೇಡವೇ ಬೇಡ, ಅದರ ಆವಿಗೆ ಗಾಜು ಬೆಳ್ಳಗಾಗುತ್ತದೆ. ಲೋಹದ ಅಂಚಿಗಾದರೆ ನೇಲ್ ಪಾಲಿಶ್‌ನ ಒಂದು ಸಣ್ಣ ಚುಕ್ಕೆ ಹಿಡಿಯುತ್ತದೆ.

ಹೊನ್ನಾವರದಿಂದ

ಒಂದು ಮಾತು ಸೇರಿಸುತ್ತೇನೆ. ಹತ್ತಿರದ ಫೋಟೊದಲ್ಲಿ ತಲೆ ಕತ್ತರಿಸಿ ಹೋದರೆ ಅದು ಈ ದೋಷ ಅಲ್ಲ. ವ್ಯೂಫೈಂಡರ್ ಲೆನ್ಸ್‌ಗಿಂತ ಮೇಲಿರುತ್ತದೆ, ನನ್ನದರಲ್ಲಿ 7 ಸೆಂ.ಮೀ. ಎರಡು ಮೀಟರ್ ದೂರದಲ್ಲಿ 28ರ ಲೆನ್ಸ್ 1.71 ಮೀ. ಎತ್ತರ ನೋಡುತ್ತದೆ, ಅಲ್ಲಿ 7 ಸೆಂ.ಮೀ. ದೊಡ್ಡದಲ್ಲ. ಮುಕ್ಕಾಲು ಮೀಟರ್‌ಗೆ ಬಂದರೆ ನೋಡುವುದೇ 64 ಸೆಂ.ಮೀ. ಅಲ್ಲಿ ಜಾಸ್ತಿ ಆಗುತ್ತದೆ. ಚೌಕಟ್ಟಿನ ಮೇಲಿನ ಗೆರೆಯ ಕೆಳಗಿರುವ ತುಂಡು ತುಂಡು ಗುರುತು ಅದಕ್ಕೇ. ಆದ್ದರಿಂದ ದೂರದ್ದನ್ನು ನೋಡಿಯೇ ಸರಿ ಮಾಡಿ.

ಕಾರವಾರದಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬೆಳಿಗ್ಗೆ ಏಳಕ್ಕೆ ಬೀಚ್‌ಗೆ ಹೋಗಿ ಟ್ರೇಸಿಂಗ್ ಪೇಪರ್ ಹಾಕಿ ನೋಡಿದೆ. ಕೂರ್ಮಗಡ ದ್ವೀಪ ತಲೆಕೆಳಗಾಗಿ, ಹೆಬ್ಬೆರಳ ಉಗುರಿಗಿಂತ ಸಣ್ಣದಾಗಿ ಕಂಡಿತು. ಸ್ನೇಹಿತನ ಕ್ಯಾಮೆರಾದಲ್ಲಿ ಇದೇ ವ್ಯೂಫೈಂಡರ್ ನೆಟ್ಟಗೆ ನಿಂತಿತು. ನನ್ನ ಶೂನ ಬಲಗಡೆ ತಳವೇ ತಗ್ಗಿದೆ. ಈಗ ಅಲ್ಲಿ ಎರಡು ಪದರ ಕಾಗದ ಇದೆ. ಸಮುದ್ರ ಮಟ್ಟಕ್ಕೆ ಬಂದಿದೆ. ಅಕ್ಕಾ, ಒಳಗಡೆ ನಾನು ಕೈ ಹಾಕಲೇ ಇಲ್ಲ.