ಟೈಲ್ಸ್ ಮೇಲೆದ್ದಿದೆ, ಕಂಟ್ರಾಕ್ಟರ್ ಫೋನ್ ಎತ್ತಲ್ಲ, ಏನ್ ಮಾಡೋದು?

ಪ್ರಶ್ನೆ: ಮೈಸೂರಲ್ಲಿ ಹೊಸ ಮನೆ, ಗೃಹಪ್ರವೇಶ ಆಗಿ ಇನ್ನೂ ವರ್ಷ ಆಗಿಲ್ಲ. ಹಾಲಲ್ಲಿ ವಿಟ್ರಿಫೈಡ್ ಟೈಲ್ಸ್ ತಟ್ಟಿದ್ರೆ ಟೊಳ್ಳು ಸದ್ದು, ಎರಡ್ ಕಡೆ ಮೇಲೆದ್ದಿದೆ, ಬಾತ್‌ರೂಮಲ್ಲಿ ನೀರು ಜಾಲರಿ ಕಡೆ ಹೋಗದೆ ಬಾಗಿಲ ಹತ್ರಾನೇ ನಿಲ್ಲುತ್ತೆ, ಕೇಳಿದ್ರೆ ನೀವ್ ತಂದ ಟೈಲ್ಸೇ ಸರಿಯಿಲ್ಲ ಅಂದ್ರು, ಈಗ ಫೋನೂ ಎತ್ತಲ್ಲ. ಅಗ್ರಿಮೆಂಟ್ ಮಾಡ್ಕೊಂಡಿಲ್ಲ. ತುಂಬಾ ಬೇಜಾರಾಗಿದೆ.

ಉತ್ತರ 1: ಸರ್, ನಾನು ಸೈಟ್ ಸೂಪರ್‌ವೈಸರ್. ಎದ್ದಿರೋ ಟೈಲ್ ತೆಗೆದು ಅಡಿ ನೋಡಿ. ಮೂಲೆಗೆ ಮಾತ್ರ ಸಿಮೆಂಟ್ ಗುಡ್ಡೆ ಇಟ್ಟಿದ್ರೆ, ಇಲ್ಲಾ ಟೈಲ್ ಹಿಂಭಾಗ ಒಂಚೂರೂ ಹಿಡೀದೆ ಕ್ಲೀನಾಗಿ ಬಂದ್ರೆ ಅದು ಕೆಲಸದ ತಪ್ಪೇ, ವಿಟ್ರಿಫೈಡ್ ನೀರು ಹೀರೋದೇ ತೀರಾ ಕಮ್ಮಿ, ಅದಕ್ಕೆ ಅಡ್ಹೆಸಿವ್ (ಟೈಲ್ ಅಂಟು) ಹಾಕಿದ್ರೇ ಗಟ್ಟಿ. ಬಾತ್‌ರೂಮ್ ಸ್ಲೋಪ್‌ಗೂ ಟೈಲ್ಸ್ ಕ್ವಾಲಿಟಿಗೂ ಸಂಬಂಧಾನೇ ಇಲ್ಲ.

ಉತ್ತರ 2: ರಿಪೇರಿ ಮಾಡಿಸೋ ಮುಂಚೆ ಫೋಟೋ ವಿಡಿಯೋ ತೆಗೀರಿ, ಬೇರೆ ಸಿವಿಲ್ ಎಂಜಿನಿಯರ್ ಹತ್ರ ರಿಪೋರ್ಟ್ ಬರೆಸ್ಕೊಳ್ಳಿ, ಇದೇ ಮುಖ್ಯ. ಅಗ್ರಿಮೆಂಟ್ ಇಲ್ದಿದ್ರೂ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮೆಸೇಜ್ ಸಾಕ್ಷಿಗೆ ಬರುತ್ತೆ. 15 ದಿನ ಟೈಮ್ ಕೊಟ್ಟು ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳ್ಸಿ, ಎಷ್ಟೋ ಜನ ಅಲ್ಲೇ ದಾರಿಗೆ ಬರ್ತಾರೆ. ಬರ್ಲಿಲ್ವಾ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಹಾಕ್ಬೇಕು, ನೀವು ಕೊಟ್ಟಿರೋದು 5 ಲಕ್ಷದೊಳಗಿದ್ರೆ ಫೀಸೇ ಇಲ್ಲ, ಲಾಯರ್ ಇಡಲೇಬೇಕು ಅಂತೇನಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಇಬ್ರಿಗೂ. ಒಂದ್ ಟೈಲ್ ಎಬ್ಬಿಸಿದೆ, ನಡುವೆ ಪೂರ್ತಿ ಖಾಲಿ. ನಾಳೇನೇ ಎಂಜಿನಿಯರ್‌ನ ಕರೆಸ್ತೀನಿ.